ಮೂವತ್ತೆರಡು ಆಂಪಿಯರ್

ರೂವಿಯ ಆರು ಮಾಳಿಗೆ, ಇಪ್ಪತ್ತನಾಲ್ಕು ಮನೆ,
ನೆಲಮಾಳಿಗೆಯಲ್ಲಿ ಒಂದೇ ಪ್ಯಾನೆಲ್.
ಜುಲೈ ತಿಂಗಳು, ರಾತ್ರಿ ಎರಡು ಗಂಟೆ. ಹಮ್ಮಬ್ಬ
ಕೇಬಲ್ಲಿನ ಕೊರಳಿಗೆ ಮೀಟರ್ ಹಿಡಿದ:
ಮುನ್ನೂರ ಎಂಬತ್ತು.
ನಾನೂರು ದಾಟಿದರೆ ಕತ್ತಲು.

"ಒಂದೇ ಒಂದು ಚಾರ್ಜರ್, ಬ್ಯಾರೀ,"
ಅಂದಿದ್ದಳು ನೈಟ್ ಡ್ಯೂಟಿಯ ಲವೀನಾ.
ಹೊಸ ಕಾರಿಗೆ ಮೂವತ್ತೆರಡು ಬೇಕು.
ಇರುವ ಇಪ್ಪತ್ತೂ
ಯಾರದೋ ಎಸಿ ಗುಡುಗಿದರೆ ಇಲ್ಲ.

ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ
ಅಂಕಿ ಇಳಿಯಿತು. ಮುನ್ನೂರ ಅರುವತ್ತೆಂಟು.
ಬೆವರು ಒರೆಸಿ ಕಾದ.
ಏರಲಿಲ್ಲ.

ಮೆಟ್ಟಿಲಲ್ಲಿ ಸದ್ದು:
ವೀಸಾ ಮುಗಿದ ನಾಲ್ಕನೇ ಮಾಳಿಗೆಯವರು
ಎಸಿ ಆರಿಸಿ, ಬೀಗ ಹಾಕಿ
ನಿದ್ದೆಗಣ್ಣಿನ ಮಕ್ಕಳನ್ನು ಇಳಿಸುತ್ತಿದ್ದರು.

ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಬರೆದ:
'ಚಾರ್ಜರಿಗೆ ಜಾಗವಿದೆ,
ಒಂದನೇ ತಾರೀಖಿನವರೆಗೆ.'
ಪೆನ್ಸಿಲ್ ಕಿವಿಗೆ ಸಿಕ್ಕಿಸಿ
ಹೋಗಿ ಒಂದು ಸೂಟ್‌ಕೇಸಿಗೆ ಕೈ ಕೊಟ್ಟ.