ನಲವತ್ತು ಕುದುರೆ

ಮಾವನ ಕಾಲದ ನಲವತ್ತು ಕುದುರೆಗಳಲ್ಲಿ
ಇವತ್ತು ಎಷ್ಟು ಉಳಿದಿವೆಯೋ.

ದಡದ ಡ್ರಮ್ಮಿನ ನೀರಲ್ಲಿ ಗುಡುಗುತ್ತದೆ, ಕಳ್ಳ!
ಕಡಲ ನಡುವೆ, ಚಿಪ್ಪಿನ ಮೂಟೆ ಹೇರಿ
ಹಿಡಿ ತಿರುವಿದರೆ ಸಾಕು, ಏದುಸಿರು.

ಪ್ಲಗ್ಗು ಬದಲಿಸಿದಳು ಒತಿಲಿಯಾ. ಕಾರ್ಬ್ಯುರೇಟರ್
ಎರಡು ಸಲ ಬಿಚ್ಚಿ ತೊಳೆದಳು. ಟ್ಯಾಂಕಿನ ಮುಚ್ಚಳದ
ಗಾಳಿಕಿಂಡಿಯನ್ನೂ ಬೈದಳು.

ಚಿಲೋಯೆಯ ಇಳಿತ ಯಾರಿಗೂ ಕಾಯುವುದಿಲ್ಲ.
ದೋಣಿ ಹಿಂದಕ್ಕೆ ಜಾರುವಾಗ
ಪೆಟ್ರೋಲ್ ಪೈಪಿನ ರಬ್ಬರ್ ಬುರುಡೆಯನ್ನು
ಮೊಮ್ಮಗಳು ಸುಮ್ಮನೆ, ಭಯಕ್ಕೆ, ಹಿಂಡಿದಳು.
ಹಸು ಸೊರೆ ಬಿಟ್ಟಂತೆ ಪೈಪು ತುಂಬಿ
ಇಂಜಿನ್ ಗಂಟಲು ಬಿಟ್ಟಿತು.

"ಹಿಂಡು, ನಿಲ್ಲಿಸಬೇಡ!"
ದಡ ಮುಟ್ಟುವವರೆಗೂ ಹಿಂಡಿದಳು ಹುಡುಗಿ.

ರಾತ್ರಿ ಪಂಪು ಬಿಚ್ಚಿದರೆ
ಬೆರಳಗಲದ ಪೊರೆ. ದೀಪಕ್ಕೆ ಹಿಡಿದಳು:
ಸೂಜಿಮೊನೆಯಷ್ಟು ಬೆಳಕು.

"ಇಷ್ಟಕ್ಕೆ," ಎಂದಳು ಇಂಜಿನ್ನಿಗೆ,
"ಇಷ್ಟಕ್ಕೆ ಒಂದು ಬೇಸಿಗೆಯಿಡೀ
ನಿನ್ನನ್ನು ಮುದುಕ ಅಂದೆ."