ಅರ್ಧ ಇಂಚಿನ ಅಕ್ಷರ

ನನ್ನ ಕಸುಬು ಹೊಲಿಗೆ. ಅಳೆಯದೆ ನಾನು
ಯಾರನ್ನೂ ನಂಬುವುದಿಲ್ಲ.
ಹಾಗಾಗಿ ಆ ಬೋರ್ಡನ್ನೂ ಅಳೆದೆ,
ಕಾರವಾರದ ಮೀನು ಮಾರ್ಕೆಟಿನ ಹಿಂದೆ, ಹಳದಿ ಗೇಟಿನ ಪಕ್ಕ,
ನೆಲದಿಂದ ಒಂಬತ್ತೂವರೆ ಅಡಿ ಮೇಲೆ
ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಮರೆಯಲ್ಲಿ
ಇಂಗ್ಲಿಷಿನಲ್ಲಿ ಕೂತಿದ್ದ ಒಂದು ಸಾಲು:
ಎರಡು ಗಂಟೆ ಮೀರಿದರೆ ಐನೂರು.
ಏಣಿ ಹಿಡಿದು ನಿಂತವಳು ಬಂಗಡೆ ಮಾರುವ ಶೇವಂತಿಬಾಯಿ.
ಟೇಪು ಇಟ್ಟೆ: ಅಕ್ಷರ ಅರ್ಧ ಇಂಚು.
ನಾನು ಹೊಲಿಯುವ ಕಾಜಾ ಇದಕ್ಕಿಂತ ಉದ್ದ.

ಆ ದಿನ ತಡವಾದದ್ದು ನಿಜ.
ಕೋಡಿಬಾಗದ ಮದುಮಗಳ ರವಿಕೆಗೆ ಲೈನಿಂಗ್ ಹುಡುಕಿ
ಮೂರು ಅಂಗಡಿ ಸುತ್ತಿ, ಬಣ್ಣ ಕೂಡದೆ,
ಬಂದು ನೋಡಿದರೆ ಸ್ಕೂಟಿಯ ಮುಂದಿನ ಗಾಲಿಗೆ ಸರಪಳಿ,
ತುಡುಗು ದನಕ್ಕೆ ಕಟ್ಟಿದ ಕೊರಡಿನ ಹಾಗೆ.
ಒಬ್ಬ ಹುಡುಗ. ಎರಡು ಸೈಜು ದೊಡ್ಡ ಅಂಗಿ,
ಜೇಬಿನ ಮೇಲೆ ಕೆಂಪು ದಾರದಲ್ಲಿ ಗುತ್ತಿಗೆದಾರನ ಹೆಸರು.
ಹತ್ತು ರೂಪಾಯಿ ಚೀಟಿಯ ಬೆನ್ನಿಗೆ
ಪೆನ್ನಿನಲ್ಲಿ ಐನೂರು ಎಂದು ಬರೆದ.
"ನಾನೇನು ಮಾಡಲಿ ಅಕ್ಕ, ಮೇಲಿನವರು ಹೇಳಿದ್ದು."
ಮೇಲೆ ನೋಡಿದೆ.
ಒಂದು ಹದ್ದಿತ್ತು. ಮತ್ತೆ ಆ ಫ್ಲೆಕ್ಸು.

ಕೊಟ್ಟೆ. ಮದುವೆ ನಾಡಿದ್ದಿತ್ತು.
ರಾತ್ರಿ ಎಡದ ತೋಳು ಬಲಕ್ಕೆ ಕೂತುಬಿಟ್ಟಿತು;
ಬಿಚ್ಚುತ್ತಾ ಬಿಚ್ಚುತ್ತಾ ಲೆಕ್ಕ ಹಾಕಿದೆ:
ಹತ್ತು ಅವರದು, ಒಪ್ಪಿದೆ.
ನಾನೂರ ತೊಂಬತ್ತು ನನ್ನದು.

ಗಂಡ ನಕ್ಕ. ಅವನ ಟ್ರಾಲರು ಒಂದು ಗಂಟೆಗೆ
ಅದಕ್ಕಿಂತ ಹೆಚ್ಚಿನ ಡೀಸೆಲು ಕುಡಿಯುತ್ತದಂತೆ.
ಪಕ್ಕದ ಮನೆಯ ಮಾಸ್ತರರು ಗಾದೆ ತೆಗೆದರು:
ಗೆದ್ದವ ಸೋತ, ಸೋತವ ಸತ್ತ.
ಕೊಟ್ಟು ಸುಮ್ಮನಾದವಳು ಏನಾದಳು ಮಾಸ್ತರೇ?
ಗಾದೆಯಲ್ಲಿ ಅವಳಿಲ್ಲ.

ಗ್ರಾಹಕರ ಆಯೋಗಕ್ಕೆ ನಾನೇ ಬರೆದೆ,
ಗೆರೆ ಎಳೆದ ಹಾಳೆಯಲ್ಲಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.
ಮನೆಯಲ್ಲಿ ನಮ್ಮದು ಕೊಂಕಣಿ.
'ವತ್ಸಲಾ ಮಾಜಾಳಿಕರ, ಫಿರ್ಯಾದುದಾರಳು' ಎಂದು ಬರೆಯುವಾಗ
ಯಾರೋ ಗಂಜಿ ಹಾಕಿದ ಸೀರೆ ಉಡಿಸಿದ ಹಾಗಾಯಿತು.
ಗುಮಾಸ್ತರು ಮೂರು ಪ್ರತಿ ಎಂದರು. ಐದಿತ್ತು.
ಬಟ್ಟೆಯಾದರೂ ಕಾಗದವಾದರೂ
ನಾನು ಸ್ವಲ್ಪ ಬಿಟ್ಟೇ ಕತ್ತರಿಸುವವಳು.

ಮೊದಲ ತಾರೀಖಿಗೆ ಎದುರು ವಕೀಲರು ಬರಲಿಲ್ಲ.
ಎರಡನೆಯದಕ್ಕೆ ಅಧ್ಯಕ್ಷರೇ ರಜೆ.
ಮೂರನೆಯದಕ್ಕೆ ಹುಬ್ಬಳ್ಳಿಯಿಂದ ಕೋಟು ಬಂತು;
ಎಡ ಭುಜ ಕಾಲಿಂಚು ಇಳಿದಿತ್ತು,
ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.
"ಗೇಟು ದಾಟಿದ ಮೇಲೆ ಷರತ್ತು ಒಪ್ಪಿದ ಹಾಗೆ."
"ಕಾಣದ್ದನ್ನು ಒಪ್ಪುವುದು ಹೇಗೆ ಸ್ವಾಮಿ?"
ಟೇಪನ್ನು ಮೇಜಿನ ಮೇಲೆ ಬಿಚ್ಚಿದೆ.
ಅಧ್ಯಕ್ಷರು ಕನ್ನಡಕ ತೆಗೆದು, ಮತ್ತೆ ಹಾಕಿ,
ಅರ್ಧ ಇಂಚನ್ನು ತಮ್ಮ ಹೆಬ್ಬೆಟ್ಟಿನ ಉಗುರಿಗೆ ಹಿಡಿದು ನೋಡಿದರು.
ಬಂದರಿನಲ್ಲಿ ಹಡಗು ಕೂಗಿತು.
ಟೈಪು ಮಾಡುತ್ತಿದ್ದವಳು ಬೆರಳೆತ್ತಿ ಕಾದಳು,
ಅದನ್ನೂ ದಾಖಲಿಸಬೇಕೇನೋ ಎಂಬಂತೆ.

ಸಾಕ್ಷಿಗೆ ಹುಡುಗನನ್ನು ಕರೆದರು. ಅದೇ ಅಂಗಿ.
ಹೆಸರು ಕೇಳಿದರು: ಬುದವಂತ ಗೌಡ, ಊರು ಚೆಂಡಿಯೆ.
ಅಷ್ಟು ದಿನ ನಾನು ಅವನ ಜೇಬಿನ ಹೆಸರನ್ನೇ ಬೈದಿದ್ದೆ.
ಫ್ಲೆಕ್ಸು ಯಾವಾಗಿನಿಂದ ಇತ್ತು?
ವಕೀಲರ ಕಡೆ ನೋಡಿದ, ನೆಲ ನೋಡಿದ.
"ಚೌತಿಗೂ ಮೊದಲಿನಿಂದ," ಎಂದ.
ಆಮೇಲೆ, ಯಾರೂ ಕೇಳದೆ:
"ಆ ಬೋರ್ಡು ನನಗೂ ಓದಲಿಕ್ಕೆ ಬರೂದಿಲ್ಲ."

ಆದೇಶವಾಯಿತು: ನಾನೂರ ತೊಂಬತ್ತು ವಾಪಸು,
ಖರ್ಚಿಗೆಂದು ಸಾವಿರ, ನಲವತ್ತೈದು ದಿನದೊಳಗೆ.
ಇವತ್ತಿಗೆ ಅರವತ್ತೊಂದು. ದುಡ್ಡು ಬಂದಿಲ್ಲ.
ಇನ್ನೊಂದು ಅರ್ಜಿ ಬರೆಯುತ್ತಿದ್ದೇನೆ, ಈ ಸಲ ಆರು ಪ್ರತಿ.

ಬಂದದ್ದು ಬುದವಂತ, ನಿನ್ನೆ ಸಂಜೆ.
ಕೆಲಸ ಹೋಗಿದೆ, ಅಂಗಿ ಉಳಿದಿದೆ.
"ಸ್ವಲ್ಪ ಹಿಡಿದು ಕೊಡಿ ಅಕ್ಕ. ಹೆಸರು ತೆಗೆದುಬಿಡಿ."
ಅರ್ಧ ಇಂಚಿನೊಳಗೆ ಇವನ ಸಂಬಳವೂ ಇತ್ತು;
ಅದನ್ನು ನಾನು ಅಳೆದಿರಲಿಲ್ಲ.

ಬ್ಲೇಡಿನ ತುದಿಯಲ್ಲಿ ಕೆಂಪು ದಾರ ಒಂದೊಂದೇ ಎಳೆದೆ.
ಹೆಸರು ಹೋಯಿತು. ತೂತು ಉಳಿದವು,
ಬೆಳಕಿಗೆ ಹಿಡಿದರೆ ಈಗಲೂ ಓದಬಹುದು.
ಎಷ್ಟಾಯಿತು ಎಂದ. ಹತ್ತು ಎಂದೆ.
ರಸೀದಿ ಕೇಳಿದ, ನಗದೆ.
ಬರೆದುಕೊಟ್ಟೆ,
ದೊಡ್ಡ ಅಕ್ಷರದಲ್ಲಿ.