ಸೀಮೆಸುಣ್ಣದ ಮೇಜು

ಮೊದಲು ಸೀಮೆಸುಣ್ಣದಲ್ಲಿ ಬರೆದೆ ಮೇಜನ್ನು,
ವಿನೋಬನಗರದ ಬಾಡಿಗೆ ಮನೆಯ ಹಾಲಿನಲ್ಲಿ,
ಕೆಂಪು ಗಾರೆಯ ನೆಲದ ಮೇಲೆ:
ಆರಡಿ ಉದ್ದ, ಮೂರೂವರೆ ಅಗಲ.
ಇಲ್ಲಿ ನಾನು, ಅಲ್ಲಿ ಹಾಲೇಶ,
ಕಿಟಕಿಯ ಕಡೆ ಬರುವವರು.
ಯಾರು ಬರುವವರು ಅಂತ ಆಗ ಗೊತ್ತಿರಲಿಲ್ಲ.

ಒಂದು ತಿಂಗಳು ಆ ಗೆರೆ ಸುತ್ತಿಕೊಂಡೇ ಓಡಾಡಿದೆವು.
ಹಾಲೇಶ ಒಮ್ಮೆ ಮರೆತು ನಡುವೆ ಕಾಲಿಟ್ಟಾಗ
"ಊಟದ ಮೇಲೆ ತುಳೀತೀಯಲ್ಲ" ಅಂದೆ.
ಅವನು ನಿಜಕ್ಕೂ ಕಾಲು ತೆಗೆದ.

ದುಡ್ಡು ಮೂರು ವರ್ಷದ ಚೀಟಿಯದು. ಮರ ಹೊನ್ನೆ.
ಕೆಲಸ ಸಾಗರ ರಸ್ತೆಯ ಫಕ್ರುದ್ದೀನರದು.
ಮೊಳೆ ಮುಟ್ಟದ ಕೈ; ತೂತಿಗೆ ಗೂಟ ಕೂತರೆ
ನಡುವೆ ಕೂದಲೂ ಹೋಗದು.
"ಅಂಚು ಚೂಪು ಬೇಡಮ್ಮ,
ಮಕ್ಕಳ ಹಣೆ ಆ ಎತ್ತರಕ್ಕೇ ಬರೋದು."
ನಮಗೆ ಮಕ್ಕಳಿಲ್ಲ ಅಂತ ನಾನು ಹೇಳಲಿಲ್ಲ.
ಅಂಚು ದುಂಡಗಾಯಿತು.

ಶನಿವಾರ ಬಂತು, ಟಾಟಾ ಏಸ್‌ನಲ್ಲಿ,
ಹಳೇ ಕಂಬಳಿ ಹೊದ್ದು, ಬಾಣಂತಿಯ ಹಾಗೆ.
ನಾಲ್ಕು ಜನ ಎತ್ತಿದರು.
ಹತ್ತನೇ ಮೆಟ್ಟಿಲಲ್ಲಿ ಗೋಡೆ ತಿರುಗುತ್ತದೆ.
ಮೇಜು ತಿರುಗಲಿಲ್ಲ.
ಮಲಗಿಸಿದರು, ನಿಲ್ಲಿಸಿದರು, ಬುಡಮೇಲು ಮಾಡಿದರು,
ಬಾಲ್ಕನಿಯಿಂದ ಹಗ್ಗ ಬಿಡೋಣ ಅಂದರು.
ಬಾಲ್ಕನಿಗೆ ಕಂಬಿ.
ಹಾಲು ಅಳೆದಿದ್ದೆ, ಕಿಟಕಿ ಅಳೆದಿದ್ದೆ,
ಕೂತವರ ಮಂಡಿಗೂ ಹಲಗೆಗೂ ನಡುವಿನ ಗೇಣು ಅಳೆದಿದ್ದೆ.
ಮೆಟ್ಟಿಲು ಅಳೆದಿರಲಿಲ್ಲ.

"ಕಾಲು ಬಿಚ್ಚಿಬಿಡಿ" ಅಂದ ಹಾಲೇಶ.
ಫಕ್ರುದ್ದೀನರು ಅವನನ್ನೇ ನೋಡಿದರು.
"ಬಿಚ್ಚೋಕೆ ಮಾಡಿದ್ದಲ್ಲ ಸಾರ್ ಅದು."
ಟೀ ಕುಡಿದು ಹೊರಟರು.

ಹಾಗೆ ಅದು ಕೆಳಗೇ ಉಳಿಯಿತು,
ಸಂಪಿನ ಮುಚ್ಚಳದ ಮೇಲೆ, ಕರೆಂಟಿನ ಮೀಟರಿನ ಕೆಳಗೆ,
ಓನರ್ ಶಂಕ್ರಯ್ಯನವರ ಕೆಟ್ಟ ಲೂನಾದ ಪಕ್ಕ.
ಮಾರನೇ ದಿನವೇ ಊಟಕ್ಕೆ ಬರುವವರಿದ್ದರು,
ಹಾಲೇಶನ ಮ್ಯಾನೇಜರು, ಅವರ ಹೆಂಡತಿ.
ರಾತ್ರಿಯೆಲ್ಲ ಅತ್ತೆ ಅಂದರೆ ಸುಳ್ಳು.
ಅರ್ಧ ರಾತ್ರಿ ಅತ್ತೆ. ಉಳಿದರ್ಧ
ಮೂರು ದಿನ ನೆನೆದ ಕಳಲೆಯ ನೀರು ಬಸಿದೆ.

ಬೆಳಗ್ಗೆ ಇಳಿದು ನೋಡಿದರೆ
ಕೆಳಮನೆಯ ಸಿಸಿಲಿಯಾ ಟೀಚರು
ನನ್ನ ಮೇಜಿನ ತುಂಬ ಎಂಟನೇ ಕ್ಲಾಸಿನ ಪೇಪರು ಹರಡಿ
ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತುತ್ತಿದ್ದಾರೆ.
"ಖಾಲಿ ಇತ್ತಲ್ಲ ಅಂತ..." ಅಂದರು.
ನಾನು ಮೀಟರು ತೋರಿಸಿದೆ, ಲೂನಾ ತೋರಿಸಿದೆ,
ಮಾತಾಡಲಾಗಲಿಲ್ಲ.
ಅವರು ಪೇಪರು ಮಡಚಿ ಒಳಗೆ ಹೋಗಿ ಒಂದು ಬೆಂಚು ತಂದರು.
ಶಂಕ್ರಯ್ಯನವರು ಮೂರು ಕುರ್ಚಿ,
ಮೂರಕ್ಕೂ ಮೂರು ಎತ್ತರ.

ಬಟ್ಟೆಯ ಕರವಸ್ತ್ರವನ್ನು ತಾವರೆಯ ಹಾಗೆ ಮಡಚಲು
ವಾರಪತ್ರಿಕೆ ನೋಡಿ ಕಲಿತಿದ್ದೆ.
ಗೇಟಿನಿಂದ ಬಂದ ಗಾಳಿ
ಆರೂ ತಾವರೆಗಳನ್ನು ಲೂನಾಕ್ಕೆ ಕೊಟ್ಟಿತು.
ಮೇಣದಬತ್ತಿ ಇರಬೇಕು ಅಂತಲೂ ಬರೆದಿತ್ತು;
ತಲೆಯ ಮೇಲೆ ಮೀಟರಿನ ಕೆಂಪು ದೀಪ
ನಮ್ಮ ಯೂನಿಟ್ಟು ಎಣಿಸುತ್ತ ಮಿಣುಕಿತು.

ಮ್ಯಾನೇಜರು ಕುಳ್ಳು ಕುರ್ಚಿಯಲ್ಲಿ ಕೂತರು, ಗಲ್ಲ ತಟ್ಟೆಯ ಮಟ್ಟಕ್ಕೆ.
ಕಡುಬಿಗೆ ನನ್ನ ಸಾರು ಸಪ್ಪೆ ಅನ್ನಿಸಿತೋ ಏನೋ,
ಟೀಚರು ಕೇಳದೆಯೇ ಕೋಳಿ ಸಾರಿನ ಪಾತ್ರೆ ತಂದಿಟ್ಟರು,
ತಾವೂ ಕೂತರು. ಶಂಕ್ರಯ್ಯನವರು
"ನಂದು ಆಗಿದೆ, ಆಗಿದೆ" ಅನ್ನುತ್ತ
ಕಳಲೆ ಪಲ್ಯವನ್ನು ಅಂಗೈಯಲ್ಲೇ ಹಾಕಿಸಿಕೊಂಡರು.
ಮ್ಯಾನೇಜರ ಹೆಂಡತಿ ಮೇಜಿನಡಿ ಸದ್ದಿಲ್ಲದೆ ಚಪ್ಪಲಿ ಬಿಟ್ಟರು.
ಟೀಚರ ಮೊಮ್ಮಗಳು ಓಡಿ ಬಂದವಳು
ಅಂಚಿಗೆ ಹಣೆ ತಾಗಿಸಿಕೊಂಡಳು,
ಒಂದು ಕ್ಷಣ ಯೋಚಿಸಿ, ಅಳುವುದು ಬೇಡ ಅಂತ ಮತ್ತೆ ಓಡಿದಳು.
ನಾನು ಆ ಜಾಗವನ್ನು ಸವರಿ ನೋಡಿದೆ. ಮೇಜಿನದು.

ಈಗ ಅದರ ಮೇಲೆ ಪೇಪರು, ರೇಡಿಯೋ,
ಯಾರದೋ ಹಾಲಿನ ಪ್ಯಾಕೆಟ್ಟು.
ಭಾನುವಾರ ಹನ್ನೆರಡಕ್ಕೆ ಎಲ್ಲ ಸರಿಸಿ ತಟ್ಟೆ.

ಮೇಲೆ ಹಾಲಿನಲ್ಲಿ ಗೆರೆ ಹಾಗೇ ಇದೆ.
ನೆಲ ಒರೆಸುವಾಗ ಬಟ್ಟೆ ಅಲ್ಲಿಯತನಕ ಹೋಗಿ ನಿಲ್ಲುತ್ತದೆ.
ಅಳಿಸೋಣವಾ ಅಂತ ಹಾಲೇಶ ಕೇಳುತ್ತಾನೆ,
ಕೇಳುತ್ತಲೇ
ಸುತ್ತಿಕೊಂಡು ಬರುತ್ತಾನೆ.